ಬಿರಡೆ ಬಿಚ್ಚುವ ಹಕ್ಕು

ಮೂವತ್ತೊಂದು ವರ್ಷ ಕುಮಾಸಿ ಪಟ್ಟಣದ ಮಕ್ಕಳಿಗೆ ವ್ಯಾಕರಣ ಹೇಳಿಕೊಟ್ಟು ನಿವೃತ್ತರಾದ ಆಂಪೋನ್ಸಾ ಮೇಷ್ಟ್ರಿಗೆ ಗೊತ್ತಿಲ್ಲದ ಕ್ರಿಯಾಪದವೇ ಇರಲಿಲ್ಲ. ಆದರೆ ಅವುಗಳಲ್ಲಿ ಒಂದನ್ನು ಸ್ವಂತ ಮನೆಯಲ್ಲಿ ಬಳಸುವ ಭಾಗ್ಯ ಮಾತ್ರ ಅವರ ಹಣೆಯಲ್ಲಿ ಬರೆದಿರಲಿಲ್ಲ. ಅದು 'ಬಿಚ್ಚು'. (ತಪ್ಪು ತಿಳಿಯಬೇಡಿ, ಬಾಟಲಿಯ ವಿಷಯ ಹೇಳುತ್ತಿದ್ದೇನೆ.) ನೀನು ಬಿಚ್ಚುತ್ತೀ, ಅವನು ಬಿಚ್ಚುತ್ತಾನೆ, ಅವರು ಬಿಚ್ಚುತ್ತಾರೆ, ಇವೆಲ್ಲ ಆ ಮನೆಯಲ್ಲಿ ಧಾರಾಳವಾಗಿ ಚಾಲ್ತಿಯಲ್ಲಿದ್ದವು. 'ನಾನು ಬಿಚ್ಚುತ್ತೇನೆ' ಎಂಬ ಉತ್ತಮಪುರುಷ ಏಕವಚನಕ್ಕೆ ಮಾತ್ರ ಕಟ್ಟುನಿಟ್ಟಾದ ನಿಷೇಧವಿತ್ತು.

ನಿಷೇಧಕ್ಕೆ ಕಾರಣ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಒಮ್ಮೆ ಮೇಷ್ಟ್ರು ಮಾಲ್ಟ್ ಪಾನೀಯದ ಬಾಟಲಿಯ ಮುಚ್ಚಳವನ್ನು ಬಾಗಿಲ ಅಗುಳಿಗೆ ಸಿಕ್ಕಿಸಿ ಜಗ್ಗಿದಾಗ ಮುಚ್ಚಳ ಹಾಗೇ ಇತ್ತು, ಅಗುಳಿ ಕಿತ್ತುಕೊಂಡು ಬಂತು. ತೆರೆದ ಬಾಗಿಲಿಂದ ಪಕ್ಕದ ಮನೆಯ ಆಡು ಒಳಗೆ ನುಗ್ಗಿ ವಾರಕ್ಕೆಂದು ತಂದಿಟ್ಟ ಗೆಣಸನ್ನೆಲ್ಲ ಮುಗಿಸಿತು. ಇನ್ನೊಮ್ಮೆ ಕೂಸಿಗೆ ಹೆಸರಿಡುವ ದಿನ ಅಡಿಗೆ ಚಾಕುವಿನ ಹಿಡಿಯಿಂದ ಬಾಟಲಿಗೆ ಒಂದು ಹದವಾದ ಏಟು ಕೊಟ್ಟರು. ಕತ್ತು ಮುರಿದು, ಕೆಂಪು ವೈನು ಕುಲದ ಹಿರಿಯರ ಹಾಲುಬಿಳಿ ಬಟ್ಟೆಯ ಮೇಲೆ ಹರಿದು, ಹಿರಿಯರಿಗೆ ಯಾರೋ ಇರಿದರೆಂದು ಹೆಂಗಸರು ಬೊಬ್ಬೆ ಹಾಕಿದರು. ಅಂದಿನಿಂದ ಬಾಟಲಿಗಳ ಕಪಾಟಿನ ಬೀಗದ ಕೈ ಹೆಂಡತಿ ಸೆರ್ವಾಳ ಸೊಂಟ ಸೇರಿತು. ಸೆರ್ವಾ ಸಂತೆಯಲ್ಲಿ ಬಟ್ಟೆ ಮಾರುವವಳು. ಬಟ್ಟೆಯನ್ನು ಗಜದ ಲೆಕ್ಕದಲ್ಲಿ ಅಳೆದು ಕೊಡುತ್ತಿದ್ದಳು, ಮಾತನ್ನು ಅಳೆಯುವ ಅಭ್ಯಾಸ ಇರಲಿಲ್ಲ.

ಇದೆಲ್ಲ ಸಹಿಸಬಹುದಿತ್ತು. ಆದರೆ ಹೆಣ್ಣು ಕೇಳಲು ಬರುವ ಬೀಗರು ತರುವ ಬಾಟಲಿಯದು ಬೇರೆಯೇ ಮಾತು. ಆ ಚೌಕಾಕಾರದ ಹಸಿರು ಜಿನ್ ಬಾಟಲಿ ಬಿರಡೆ ಸಮೇತ ನಡುಮನೆಯಲ್ಲಿ ಕೂರುತ್ತದೆ. ಹುಡುಗಿಯನ್ನು ಮೂರು ಸಲ ಕೇಳುತ್ತಾರೆ: ಬಿಚ್ಚೋಣವೇ? ಅವಳು ಬೇಡವೆಂದರೆ ಬಾಟಲಿ ಬಂದ ದಾರಿ ಹಿಡಿಯುತ್ತದೆ. ಬಿಚ್ಚಿ ಎಂದಳೋ, ಬಿರಡೆ ಹಾರುತ್ತದೆ, ಮೊದಲ ನಾಲ್ಕು ಹನಿ ನೆಲಕ್ಕೆ, ಅಂದರೆ ಸತ್ತ ಹಿರಿಯರಿಗೆ, ಬೀಳುತ್ತದೆ, ಸಂಬಂಧ ಕೂಡುತ್ತದೆ. ಈ ಬಿರಡೆಯನ್ನು ಬಿಚ್ಚುವವನು ಹುಡುಗಿಯ ಸೋದರಮಾವ. ಮಕ್ಕಳು ತಾಯಿಯ ಕುಲಕ್ಕೆ ಸೇರಿದವರು ತಾನೆ? ಅಪ್ಪನಿಗೂ ಇದರಲ್ಲಿ ಪಾಲುಂಟು ಎಂದು ವಾದಿಸುವವರು ಊರಲ್ಲಿ ಬೇಕಾದಷ್ಟು ಜನ ಇದ್ದರು. ಅವರಾರೂ ಸೆರ್ವಾಳ ಅಣ್ಣ ಯೆಬೋವಾನ ಎದುರಿಗೆ ನಿಂತು ವಾದಿಸಿದವರಲ್ಲ. ಆತ ಮರದ ದಿಮ್ಮಿ ಸಾಗಿಸುವ ಲಾರಿಗಳ ಮಾಲೀಕ, ಗಾತ್ರದಲ್ಲೂ ಲಾರಿಗೇನೂ ಕಡಿಮೆ ಇರಲಿಲ್ಲ.

ದೊಡ್ಡ ಮಗಳ ಸಂಬಂಧ ಕೂಡಿದ ದಿನ ಬಿರಡೆಯ ಹೊತ್ತಿಗೆ ಸರಿಯಾಗಿ ಯೆಬೋವಾ, "ಮೇಷ್ಟ್ರೇ, ಕುರ್ಚಿ ಸಾಲ್ತಿಲ್ಲ, ಚರ್ಚಿಂದ ನಾಲ್ಕು ತಂದ್ಬಿಡಿ" ಎಂದು ಓಡಿಸಿದ್ದ. ಮೇಷ್ಟ್ರು ತಲೆಯ ಮೇಲೆ ಎರಡು, ಕೈಯಲ್ಲಿ ಎರಡು ಕುರ್ಚಿ ಹೊತ್ತು ಗೇಟಿಗೆ ಬರುವಷ್ಟರಲ್ಲಿ ಒಳಗೆ 'ಟಪ್' ಎಂದಿತು, ಹಿಂದೆಯೇ ಚಪ್ಪಾಳೆ. ಹೆತ್ತ ಮಗಳ ಒಪ್ಪಿಗೆಯನ್ನು ಗೋಡೆಯ ಆಚೆಯಿಂದ ಕೇಳಿಸಿಕೊಂಡ ಅಪ್ಪ ಅವರು. ಆ ನೋವು ಆರು ವರ್ಷವಾದರೂ ಮಾಸಿರಲಿಲ್ಲ. ಈಗ ಎರಡನೆಯವಳು, ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನ ನರ್ಸ್ ಪೊಕುವಾಳನ್ನು ಕೇಳಲು ಟೆಚಿಮಾನ್ ಊರಿನ ಬೀಗರು ಶನಿವಾರ ಬರುತ್ತಾರೆಂದು ತಿಳಿದಾಗ ಮೇಷ್ಟ್ರು ಊಟದ ನಡುವೆ ಬೆನ್ನು ನೆಟ್ಟಗೆ ಮಾಡಿ ಕೂತರು.

"ಈ ಸಲ ಬಿರಡೆ ನಾನೇ ಬಿಚ್ಚೋದು."

ಸೆರ್ವಾ ಶೇಂಗಾ ಸಾರಿನಲ್ಲಿ ಅದ್ದಿದ ಫುಫು ಮುದ್ದೆಯ ತುತ್ತನ್ನು ಹಾಗೇ ಹಿಡಿದು ನೋಡಿದಳು. "ಏನಂದ್ರಿ?"

"ಬಿರಡೆ. ಪೊಕುವಾಂದು. ನಾನೇ."

"ಸಾರಿಗೆ ಖಾರ ಜಾಸ್ತಿ ಆಯ್ತೇನೋ, ತಲೆಗೇರಿದೆ."

"ಅವಳಿಗೆ ನಾಯಿಕೆಮ್ಮು ಬಂದಾಗ ಹನ್ನೊಂದು ದಿನ ಎದೆಗೆ ಹಾಕ್ಕೊಂಡು ಓಡಾಡ್ದೋನು ನಾನು. ಹೆಗಲ ಮೇಲೆ ಕೂರಿಸ್ಕೊಂಡು ಸ್ಕೂಲಿಗೆ ಹೊತ್ತೋನು ನಾನು. ಆಗ ನಿಮ್ಮಣ್ಣ ಎಲ್ಲಿದ್ದ?"

"ಲಾರಿ ಓಡಿಸ್ತಿದ್ದ."

"ಈಗ್ಲೂ ಅದನ್ನೇ ಓಡಿಸ್ಲಿ. ನಮ್ಮನೆ ಬಾಟಲಿಗೆ ಯಾಕೆ ಕೈ ಹಾಕ್ಬೇಕು?"

"ಯಾಕಂದ್ರೆ, ಅವನು ಬಿಚ್ಚಿದ್ರೆ ಬಾಟಲಿ ಬಿಚ್ಚುತ್ತೆ. ನೀವು ಬಿಚ್ಚಿದ್ರೆ ಮನೆ ಬಿಚ್ಚುತ್ತೆ!"

ಮೇಷ್ಟ್ರು ಜಗ್ಗಲಿಲ್ಲ. ಮರುದಿನ ಬೆಳಿಗ್ಗೆಯೇ ಇಸ್ತ್ರಿ ಅಂಗಿ ತೊಟ್ಟು ಯೆಬೋವಾನ ಮರದ ಅಡ್ಡೆಗೆ ಹೋದರು. ಯೆಬೋವಾ ಕೇಳಿ ಮೊದಲು ನಕ್ಕ, ಕೆಮ್ಮು ಬರುವ ತನಕ ನಕ್ಕ, ಕೆಮ್ಮಿ ಮುಗಿದ ಮೇಲೆ ಇನ್ನೊಮ್ಮೆ ನಕ್ಕ. ಮೇಷ್ಟ್ರು ದಿಮ್ಮಿಯ ಮೇಲೆ ಕೂತು ಕಾದರು.

"ನೀವು ನಗೋದು ಮುಗಿಯೋ ತನಕ ಕೂತಿರ್ತೀನಿ ಭಾವ. ನಾಳೇನೂ ಬರ್ತೀನಿ. ನಾಡಿದ್ದೂ ಬರ್ತೀನಿ."

ಯೆಬೋವಾ ಕಣ್ಣೊರೆಸಿಕೊಂಡ. "ಆಯ್ತು ಮಾರಾಯ್ರೆ. ಗುರುವಾರ ಬಂದು ನನ್ ಮುಂದೆ ಒಂದು ಬಿಚ್ಚಿ ತೋರ್ಸಿ. ತಿರುಪಿನ ಮುಚ್ಚಳದ್ದು ತರ್ಬೇಡಿ, ಅದನ್ನ ನಾನು ಬಾಟಲಿ ಅಂತಾನೇ ಕರೆಯಲ್ಲ. ಬಿರಡೆ ಮುರೀಬಾರದು, ಒಂದು ತೊಟ್ಟು ಚೆಲ್ಲಬಾರದು. ಇನ್ನೊಂದು ಮಾತು. ಹುಡುಗಿ ಬಾಯಿಂದ 'ಬಿಚ್ಚಿ' ಅಂತ ಬಿದ್ದ ಕೂಡ್ಲೇ ಸದ್ದು ಕೇಳಿಸ್ಬೇಕು. ಬೀಗರ ಮುಂದೆ ಬಾಟಲಿನ ತೊಡೆ ಸಂದಿಲಿ ಇಟ್ಕೊಂಡು ಕುಸ್ತಿ ಆಡ್ತಾ ಕೂತ್ರೆ ನಮ್ಮ ಮನೆತನದ ಮರ್ಯಾದೆ ಮೂರು ಕಾಸಿಗೆ ಹರಾಜು."

"ತಕ್ಷಣ ಕೇಳಿಸುತ್ತೆ," ಎಂದರು ಮೇಷ್ಟ್ರು. ಈ ಕೊನೆಯ ಷರತ್ತು ಅವರ ಮನಸ್ಸಿನಲ್ಲಿ ಮೊಳೆಯ ಹಾಗೆ ನಾಟಿತು.

ಅಲ್ಲಿಂದ ಶುರುವಾಯಿತು ಬಿರಡೆ ಭಂಜನ ತಪಸ್ಸು. ಹೋಟೆಲಿನಲ್ಲಿ ಬಾಣಸಿಗನಾಗಿದ್ದ ನೆರೆಯವನಿಂದ ಬಿರಡೆ ಕೀಳುವ ತಿರುಪನ್ನು ಎರವಲು ತಂದರು. ಅಭ್ಯಾಸಕ್ಕೆ ಬಾಟಲಿ? ಅಡಿಗೆಮನೆಯ ಮೂಲೆಯಲ್ಲಿ ಸೆರ್ವಾಳ ತಾಳೆ ಎಣ್ಣೆಯ ಬಾಟಲಿಗಳು ಹನ್ನೆರಡು, ಜೋಳದ ದಿಂಡನ್ನು ಬಿರಡೆಯಾಗಿ ತುರುಕಿಸಿಕೊಂಡು ಸಾಲಾಗಿ ನಿಂತಿದ್ದವು. ಮೇಷ್ಟ್ರು ಒಂದೊಂದನ್ನೇ ಬಿಚ್ಚಿದರು. ಮೊದಲ ಐದು ದಿಂಡು ಪುಡಿಯಾದವು, ಆರನೆಯದು ಅರ್ಧ ಬಂತು, ಏಳನೆಯದು ಪೂರ್ತಿ ಬಂತು, ಆ ಸಂತೋಷಕ್ಕೆ ಎದ್ದು ನಿಂತದ್ದರಲ್ಲಿ ಮೊದಲ ಆರೂ ಉರುಳಿದವು. ಸಂತೆಯಿಂದ ಬಂದ ಸೆರ್ವಾ ಆ ದಿನ ಬಾಗಿಲಿಂದ ಒಲೆಯ ತನಕ ಒಂದು ಹೆಜ್ಜೆಯನ್ನೂ ಇಡದೆ ತಲುಪಿದಳು. ತಲುಪಿದ ಮೇಲೆ ಅವಳು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಮೇಷ್ಟ್ರ ತಾಯಿಯ ಕುಲ ಏಳು ತಲೆಮಾರಿನಷ್ಟು ಹಿಂದಕ್ಕೆ ಹೋಗಿ ಬಂತೆಂದಷ್ಟೇ ತಿಳಿಯಿರಿ.

ಮೇಷ್ಟ್ರು ಹಿತ್ತಲಿಗೆ ವರ್ಗವಾದರು. ಡ್ಯೂಟಿ ಮುಗಿಸಿ ಬಂದ ಪೊಕುವಾ ಮಾವಿನ ಮರದ ಕೆಳಗೆ ಅಪ್ಪ ನೀರು ತುಂಬಿದ ಬಾಟಲಿಯೊಂದಿಗೆ ಗುದ್ದಾಡುವುದನ್ನು ಕಂಡು, ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಳು.

"ಅಪ್ಪಾ, ಬಿಚ್ಚೋದು ಆಮೇಲೆ ಕಲೀರಿ. ಬಿಚ್ಚದೆ ಇರೋದು ಮೊದ್ಲು ಕಲೀರಿ."

"ಅಂದ್ರೇನಮ್ಮಾ?"

"ನಾನು ಕೆಲ್ಸ ಬಿಡದೆ ಇರೋಕೆ ಹುಡುಗ ಕೂಮಿ ಒಪ್ಪಿದಾನೆ, ಅವನಮ್ಮ ಒಪ್ಪಿಲ್ಲ. ಮದುವೆ ಆದ್ಮೇಲೆ ಆಸ್ಪತ್ರೆ ಬಿಟ್ಟು ಟೆಚಿಮಾನ್ ಲಾರಿ ನಿಲ್ದಾಣದಲ್ಲಿ ಅವರ ಪಾನೀಯದ ಅಂಗಡಿ ನೋಡ್ಕೋಬೇಕಂತೆ. ಬಾಟಲಿ ಮುಚ್ಚಿರೋ ತನಕ ನಾನು ಕೇಳಿದ್ದಕ್ಕೆ ಅವರು ಉತ್ತರ ಕೊಡ್ಲೇಬೇಕು. ಬಿಚ್ಚಿದ್ಮೇಲೆ ಅವರು ಅತ್ತೆ, ನಾನು ಸೊಸೆ, ಮುಗೀತು. ಅದಕ್ಕೇ ಮೊದಲ್ನೇ ಸಲ ಕೇಳಿದಾಗ ಸುಮ್ನಿರ್ತೀನಿ. ಎರಡನೇ ಸಲಾನೂ ಸುಮ್ನಿರ್ತೀನಿ. ಎಲ್ಲರ ಮುಂದೆ ಅವರು 'ಆಸ್ಪತ್ರೆ ಬಿಡ್ಬೇಡ' ಅಂದ್ರೆ ಮಾತ್ರ ಮೂರನೇ ಸಲಕ್ಕೆ ಹೂಂ ಅನ್ನೋದು. ಅನ್ನದಿದ್ರೆ ಬಾಟಲಿ ವಾಪಸ್ಸು."

"ಕೂಮಿ ಬೇಡ್ವಾ ನಿಂಗೆ?"

ಪೊಕುವಾ ಬಾಟಲಿಯ ಕತ್ತನ್ನು ಸವರುತ್ತ ಕೂತಳು. "ಬೇಕು ಅಪ್ಪಾ. ತುಂಬಾ ಬೇಕು. ಆದ್ರೆ ಸಾವಿರ ಕೂಸುಗಳನ್ನ ಈ ಕೈಲಿ ಹಿಡಿದಿದೀನಿ. ಇದೇ ಕೈಲಿ ಡ್ರೈವರುಗಳಿಗೆ ಬಿಯರ್ ಹಂಚ್ಲಾ?"

ಮೇಷ್ಟ್ರು ತಿರುಪನ್ನು ಕೆಳಗಿಟ್ಟರು. "ನೀನು ಹೇಳೋ ತನಕ ಬಿರಡೆ ಅಲ್ಲಾಡಲ್ಲ ಮಗಳೇ. ನನ್ನಾಣೆ."

ಗುರುವಾರ ಯೆಬೋವಾನ ಮುಂದೆ ಬಿರಡೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಯೆಬೋವಾ ಬಾಟಲಿಯನ್ನು ಎತ್ತಿ ನೋಡಿದ, ನೆಲ ನೋಡಿದ, ಚೆಲ್ಲಿದ ತೊಟ್ಟೊಂದಕ್ಕಾಗಿ ಮೇಜಿನ ಅಡಿಯಲ್ಲೂ ಬಗ್ಗಿ ನೋಡಿದ. ಸಿಗಲಿಲ್ಲ. "ಪರವಾಗಿಲ್ಲ," ಎಂದ. ಆತನ ಬಾಯಿಂದ ಅದು ಬಂದದ್ದೇ ದೊಡ್ಡ ಬಿರುದು. ಮೇಷ್ಟ್ರು ಮನೆಯ ತನಕ ಒಬ್ಬರೇ ನಗುತ್ತ ನಡೆದರು.

ಶನಿವಾರ ಬೀಗರು ಬಂದರು. ಬಲದಿಂದ ಎಡಕ್ಕೆ ಸಾಲಾಗಿ ಕೈ ಕುಲುಕುತ್ತ ಬಂದವರಿಗೆ ಮೇಷ್ಟ್ರು ಕೈ ಕೊಟ್ಟರು. ತಿರುಪನ್ನು ಬಲಗೈ ಮಣಿಕಟ್ಟಿಗೆ ದಾರದಿಂದ ಕಟ್ಟಿಕೊಂಡಿದ್ದರಿಂದ ಕೈ ಕುಲುಕಿದ ಪ್ರತಿಯೊಬ್ಬರೂ ಹಾ ಎಂದು ಕೈ ಹಿಂದೆಗೆದುಕೊಂಡರು. ಹುಡುಗ ಕೂಮಿ ನೀರಿನ ಪಂಪು ರಿಪೇರಿ ಮಾಡುವವನು, ಮೆತ್ತನೆಯ ಮನುಷ್ಯ, ಚುಚ್ಚಿಸಿಕೊಂಡೂ "ನಮಸ್ಕಾರ ಮಾವ" ಎಂದ. ಅವನ ತಾಯಿ ಡೂಫಿ ಮೆತ್ತಗಿರಲಿಲ್ಲ. ಗಂಡ ಸತ್ತ ಮೇಲೆ ಲಾರಿ ಡ್ರೈವರುಗಳನ್ನು ಪಳಗಿಸಿ ಅಂಗಡಿ ನಡೆಸಿದ ಹೆಂಗಸು, ಕೂತ ಕುರ್ಚಿಯೂ ಮಿಸುಕಲು ಹೆದರುತ್ತಿತ್ತು.

ಮಾತು ಆಡಲು ಎರಡು ಕಡೆಗೂ ಒಬ್ಬೊಬ್ಬ ವಕ್ತಾರೆ. ಅವರ ಕಡೆಯ ಟಿವಾ ಎದ್ದು ಸೊಂಟದ ಮೇಲೆ ಕೈಯಿಟ್ಟಳು. "ದಾರೀಲಿ ಹೋಗ್ತಾ ನಿಮ್ಮ ಹಿತ್ತಲಲ್ಲಿ ಒಂದು ಹೂವು ಕಂಡ್ವಿ. ಕಿತ್ಕೊಂಡು ಹೋಗೋಣ ಅಂತ ಬಂದ್ವಿ."

ಇವರ ಕಡೆಯ ಬೆಮಾ ಕೂತಲ್ಲಿಂದಲೇ ಅಂದಳು, "ಕಿತ್ತ ಹೂವು ಸಂಜೆಗೆ ಬಾಡುತ್ತೆ ಕಣಮ್ಮ. ಬೇರು ಸಮೇತ ಕೇಳಿ. ನೀರು ಹಾಕೋರು ಯಾರು ಅನ್ನೋದನ್ನೂ ಹೇಳಿ."

ನಗು ಎದ್ದಿತು. ಹಸಿರು ಬಾಟಲಿ ಮೇಷ್ಟ್ರ ಮುಂದಿನ ಮಣೆಯ ಮೇಲೆ ಬಂದು ಕೂತಿತು. ಅದನ್ನು ಕಂಡು ಅವರ ಎದೆ ಹೇಗೆ ಹೊಡೆದುಕೊಂಡಿತೆಂದರೆ, ಸ್ವಂತ ಮದುವೆಯಲ್ಲೂ ಹಾಗೆ ಹೊಡೆದುಕೊಂಡಿರಲಿಲ್ಲ. (ಆಗ ಹೊಡೆದುಕೊಳ್ಳಬೇಕಿತ್ತು.)

"ಪೊಕುವಾ, ಬಿಚ್ಚೋಣ್ವಾ?" ಎಂದಳು ಬೆಮಾ, ಮೊದಲ ಸಲ.

ಪೊಕುವಾ ನೆಲ ನೋಡಿದಳು.

ಆ ಮೌನದಲ್ಲಿ ಮೇಷ್ಟ್ರಿಗೆ ಭಾವನ ಷರತ್ತು ನೆನಪಾಯಿತು. ಮಾತು ಬಿದ್ದ ಕೂಡಲೇ ಸದ್ದು! ತಿರುಪು ಇಳಿಸಲಿಕ್ಕೇ ಎಂಟು ಸುತ್ತು ಬೇಕು. ಅಷ್ಟರಲ್ಲಿ ಯೆಬೋವಾ ಬಾಟಲಿ ಕಿತ್ತುಕೊಂಡರೆ? ಈಗಲೇ ಮೆಲ್ಲಗೆ ತಿರುಪು ಇಳಿಸಿಟ್ಟರಾಯಿತು. ಇಳಿಸುವುದು ಬಿಚ್ಚುವುದಲ್ಲ, ಅದು ಪೂರ್ವಸಿದ್ಧತೆ. ಮಗಳಿಗೆ ಕೊಟ್ಟ ಆಣೆಗೂ ಭಂಗವಿಲ್ಲ. ಹೊದ್ದ ಬಟ್ಟೆಯ ಸೆರಗನ್ನು ಬಾಟಲಿಯ ಮೇಲೆ ಎಳೆದುಕೊಂಡು ಸುತ್ತತೊಡಗಿದರು.

ಬೆಮಾ ಬೀಗರ ಕಡೆ ತಿರುಗಿದಳು. "ಹುಡುಗಿ ಮನಸ್ಸಲ್ಲಿ ಒಂದು ಮಾತಿದೆ. ಅವಳು ಆಸ್ಪತ್ರೆ ಬಿಡಲ್ಲ. ಅದಕ್ಕೆ ಬೀಗಿತ್ತಿ ಏನಂತಾರೆ?"

"ನಮ್ಮನೆ ಸೊಸೆ ನಮ್ಮನೇಲಿ ಇರ್ಬೇಕು," ಎಂದಳು ಡೂಫಿ.

"ಪೊಕುವಾ, ಬಿಚ್ಚೋಣ್ವಾ?" ಎರಡನೆಯ ಸಲ.

ಪೊಕುವಾ ಈ ಸಲ ಕತ್ತೆತ್ತಿ ನೇರವಾಗಿ ಡೂಫಿಯನ್ನು ನೋಡಿದಳು, ತುಟಿ ಮಾತ್ರ ಎರಡು ಮಾಡಲಿಲ್ಲ. ಕೂಮಿ ತಾಯಿಯ ಮೊಣಕೈ ಮುಟ್ಟಿ, "ಅಮ್ಮಾ, ದಯವಿಟ್ಟು" ಎಂದ. ಡೂಫಿ ಮಗನ ಮುಖ ನೋಡಿದಳು, ಹುಡುಗಿಯ ಮುಖ ನೋಡಿದಳು, ಒಂದು ದೊಡ್ಡ ಉಸಿರು ಬಿಟ್ಟಳು. "ಆಯ್ತು, ಆಸ್ಪ..."

ಇನ್ನೇನು ಆಗಿಯೇ ಹೋಯಿತೆಂದು ಮೇಷ್ಟ್ರು ಬಿರಡೆಯನ್ನು ಒಂದೇ ಒಂದು ಉಗುರಿನಷ್ಟು ಮೇಲೆತ್ತಿಟ್ಟುಕೊಳ್ಳೋಣ ಎಂದುಕೊಂಡರು. ನಾಲ್ಕು ದಿನದ ಸಾಧನೆ ಕೈಗೆ ಹತ್ತಿತ್ತು ನೋಡಿ, ಉಗುರಿನಷ್ಟರಲ್ಲಿ ನಿಲ್ಲಲಿಲ್ಲ.

ಟಪ್!

ಡೂಫಿಯ 'ಆಸ್ಪತ್ರೆ' ಬಾಯೊಳಗೇ ಉಳಿಯಿತು. ಟಿವಾ ಎರಡೂ ಕೈ ಮೇಲೆತ್ತಿ, ಮನೆಯ ತಗಡು ನಡುಗುವ ಹಾಗೆ ಕೂಗಿದಳು. "ಬಿಚ್ಚಿತು! ಹುಡುಗಿ ನಮ್ಮೋಳು!"

ಡೂಫಿ ಕುರ್ಚಿಗೆ ಒರಗಿದಳು. ಮುಖದಲ್ಲಿ ನಗು ಎಣ್ಣೆಯಂತೆ ಹರಡಿತು. "ಇನ್ನು ಷರತ್ತು ಎಲ್ಲಿಂದ ಬಂತು? ಬಿರಡೆ ಹಾರಿದ್ಮೇಲೆ ಮಾತಿಲ್ಲ. ಮದುವೆ ಮುಗಿದ ಸೋಮವಾರ ಹುಡುಗಿ ಟೆಚಿಮಾನಿಗೆ."

"ಮುಚ್ರೀ! ವಾಪಸ್ ಮುಚ್ರೀ ಅದನ್ನ!" ಸೆರ್ವಾ ಚೀರಿದಳು. ಮೇಷ್ಟ್ರು ಬಿರಡೆ ತುರುಕಲು ನೋಡಿದರು. ಯೆಬೋವಾ ತಲೆಯ ಮೇಲೆ ಕೈಹೊತ್ತು ಹೇಳಿದ, "ಮುಚ್ಚಿ ಏನು ಬಂತು? ವಾಸನೆ ಆಗ್ಲೇ ಸತ್ತ ಹಿರಿಯರ ಮೂಗಿಗೆ ಮುಟ್ಟಿರುತ್ತೆ. ಹಿರಿಯರಿಗೆ ಬಾಟಲಿ ತೋರ್ಸಿ ಕಿತ್ಕೊಳ್ಳೋಕೆ ಆಗುತ್ತಾ?"

ಪೊಕುವಾ ಅಳಲಿಲ್ಲ, ಬೈಯಲಿಲ್ಲ. "ಅಪ್ಪಾ," ಎಂದಳು, ಅಷ್ಟೇ. ಮೇಷ್ಟ್ರಿಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ಮಗಳ ಕೈಯಲ್ಲಿ ಇದ್ದದ್ದು ಒಂದೇ ಆಯುಧ, ಆ ಮುಚ್ಚಿದ ಬಾಟಲಿ. ಅದನ್ನು ನಾನೇ ಕಿತ್ತು ಬೀಗಿತ್ತಿಯ ಮಡಿಲಿಗೆ ಹಾಕಿದೆನಲ್ಲ, ಯಾತಕ್ಕಾಗಿ? ಒಂದು ಸದ್ದಿಗಾಗಿ! ನಾಚಿಕೆಯಿಂದ ಕಿವಿ ಸುಟ್ಟವು. ಆದರೆ ಮೂವತ್ತೊಂದು ವರ್ಷ ತರಗತಿಯ ಮುಂದೆ ನಿಂತ ಕಾಲುಗಳು ತಾವಾಗಿಯೇ ಎದ್ದು ನಿಂತವು.

"ಒಂದು ನಿಮಿಷ ಬೀಗಿತ್ತಿ. ಬಿಚ್ಚಿದ್ದು ಯಾರು?"

"ನೀವೇ."

"ಹುಡುಗಿ ಬಿಚ್ಚಿ ಅಂದ್ಲಾ?"

"ಅನ್ನಲಿಲ್ಲ," ಎಂದು ಕೂಮಿಯೇ ಉತ್ತರ ಕೊಟ್ಟ. ತಾಯಿ ಅವನ ತೊಡೆ ಚಿವುಟಿದಳು.

"ಹಾಗಾದ್ರೆ ಒಪ್ಪಿದ್ದು ಅವಳಲ್ಲ. ಬಿಚ್ಚಿದೋನು ನಾನು, ಒಪ್ಪಿದೋನೂ ನಾನು. ಈ ಬಾಟಲಿಗೆ ನಿಮ್ಮನೆ ಸೇರ್ಬೇಕಾದೋನು ನಾನೇ. ಮಗಳ ಬಾಟಲಿ ಇನ್ನೂ ಬಿಚ್ಚೇ ಇಲ್ಲ!"

ಸಭೆ ಬಿದ್ದು ಬಿದ್ದು ನಕ್ಕಿತು. ಎಲ್ಲರೂ ಯೆಬೋವಾನ ಕಡೆ ನೋಡಿದರು. ಅವನು ಗಲ್ಲ ಕೆರೆದುಕೊಂಡು, ಎರಡು ಕಡೆಯ ಹಿರಿಯರೊಂದಿಗೆ ಪಿಸುಗುಟ್ಟಿ, ಗಂಭೀರವಾಗಿ ತೀರ್ಪಿತ್ತ. "ನ್ಯಾಯವೇ. ಹುಡುಗಿ ಹೇಳದೆ ಬಿಚ್ಚಿದ ಬಾಟಲಿ ಬಿಚ್ಚಿದೋನ ತಲೆಗೇ."

ಇಲ್ಲಿಗೆ ನಗುವಿನಲ್ಲಿ ಮುಗಿಯುತ್ತದೆ, ನಡುವೆ ನಿಂತ ಷರತ್ತಿನ ಮಾತು ಮತ್ತೆ ಮುಂದುವರಿಯುತ್ತದೆ ಎಂದು ಮೇಷ್ಟ್ರು ಲೆಕ್ಕ ಹಾಕಿದ್ದರು. ಆದರೆ ಡೂಫಿ ನಗುತ್ತಿರಲಿಲ್ಲ. ಸಂತೆಯಲ್ಲಿ ಹೋತ ನೋಡುವ ಹಾಗೆ ಅವರನ್ನು ಅಡಿಯಿಂದ ಮುಡಿಯ ತನಕ ನೋಡುತ್ತಿದ್ದಳು.

"ಬೀಗಿತ್ತಿ," ಎಂದು ಸೆರ್ವಾಳನ್ನು ಕೇಳಿದಳು, "ಹಲ್ಲು ಎಲ್ಲಾ ಇದಾವಾ?"

"ಎರಡು ಕಮ್ಮಿ."

"ಹೇಳಿದ ಕೆಲ್ಸ ಮಾಡ್ತಾರಾ?"

"ಮಾಡ್ತಾರೆ. ಎರಡು ಸಲ ಹೇಳ್ಬೇಕು."

"ನಂಗೆ ಅಂಗಡೀಲಿ ಬೇಕಾಗಿರೋದು ಎರಡು ಕೈ. ಅದು ಸೊಸೇದೇ ಆಗ್ಬೇಕು ಅಂತ ಹರಕೆ ಏನಿಲ್ಲ. ಇವರು 'ಬರ್ತೀನಿ' ಅಂದ್ರೆ ಹುಡುಗಿ ಆಸ್ಪತ್ರೇಲೇ ಇರ್ಲಿ."

"ನಾನು... ಅದು ಮಾತಿಗೆ ಹೇಳ್ದೆ..." ಎಂದು ಮೇಷ್ಟ್ರು ತೊದಲಿದರು. ಆಗ ಪೊಕುವಾಳ ಮುಖ ಕಂಡಿತು. ಅವಳು ಉಸಿರು ಹಿಡಿದುಕೊಂಡು ಅಪ್ಪನನ್ನೇ ನೋಡುತ್ತಿದ್ದಳು, ನಾಯಿಕೆಮ್ಮಿನ ದಿನಗಳಲ್ಲಿ ಎತ್ತಿಕೋ ಎಂದು ನೋಡುತ್ತಿದ್ದಳಲ್ಲ, ಹಾಗೆ.

"ಬರ್ತೀನಿ," ಎಂದರು ಮೇಷ್ಟ್ರು.

"ಬಟ್ಟೆ ಗಂಟು ನಾನೇ ಕಟ್ಟಿ ಕೊಡ್ತೀನಿ!" ಎಂದಳು ಸೆರ್ವಾ. ಹೆಂಡತಿಯಾದವಳ ದನಿಯಲ್ಲಿ ಅಷ್ಟು ಉತ್ಸಾಹ ಇರಬಾರದಿತ್ತು.

ಡೂಫಿಯ ಬುಟ್ಟಿಯಿಂದ ಇನ್ನೊಂದು ಹಸಿರು ಬಾಟಲಿ ಬಂತು. ಆಸ್ಪತ್ರೆಯ ಮಾತನ್ನು ಅವಳು ಎಲ್ಲರ ಮುಂದೆ, ಪೂರ್ತಿ ಪದ ಆಡಿ ಹೇಳಿದಳು. ಬೆಮಾ ಕೇಳಿದಳು. ಪೊಕುವಾ ಕೂಮಿಯ ಕಡೆ ನೋಡಿ, "ಬಿಚ್ಚಿ" ಎಂದಳು. ಮೇಷ್ಟ್ರ ಕೈ ತಾನಾಗಿಯೇ ಮುಂದೆ ಹೋಯಿತು. ಯೆಬೋವಾ ಅದನ್ನು ಮೃದುವಾಗಿ ಸರಿಸಿದ.

"ನೀವೀಗ ಬೀಗರ ಕಡೆಯೋರು ಮೇಷ್ಟ್ರೇ. ತಂದೋರು ಬಿಚ್ಚೋ ಹಾಗಿಲ್ಲ."

ಮಾತು ಕೊಟ್ಟ ಮೇಲೆ ಮೇಷ್ಟ್ರು ಹಿಂದೆಗೆಯುವವರಲ್ಲ. ಸೋಮವಾರದ ಬಸ್ಸಿಗೆ ಟೆಚಿಮಾನ್ ಸೇರಿದರು. ಕುರ್ಚಿಯಲ್ಲಿ ಕೂತು ಡ್ರೈವರುಗಳಿಗೆ ನಾಲ್ಕು ಒಳ್ಳೆಯ ಮಾತು ಹೇಳುವ ಕೆಲಸವಿರಬಹುದು ಎಂದುಕೊಂಡಿದ್ದರು. ಡೂಫಿ ಮುಚ್ಚಳ ಕೀಳುವ ಒಂದು ಬಾಟಲಿ ಕೀಲಿಯನ್ನು ಅವರ ಕುತ್ತಿಗೆಗೆ ದಾರ ಕಟ್ಟಿ ನೇತುಹಾಕಿದಳು. "ಕೇಳಿ ಮೇಷ್ಟ್ರೇ. ಇಲ್ಲಿ ಯಾರೂ ಕಣ್ಮರೇಲಿ ಬಿಚ್ಚಿದ ಬಾಟಲಿ ಕುಡಿಯಲ್ಲ. ಯಾರು ಏನು ಬೆರೆಸಿದಾರೋ ಅಂತ ಭಯ. ಒಂದೊಂದನ್ನೂ ಗಿರಾಕಿ ಕಣ್ಣೆದುರಿಗೆ ಬಿಚ್ಚಿ ಕೊಡ್ಬೇಕು."

ಬೆಳಗಿನ ಆರಕ್ಕೆ ಉತ್ತರದಿಂದ ಟೊಮೆಟೊ ಲಾರಿಗಳು, ಎಂಟಕ್ಕೆ ಗೆಣಸಿನ ಲಾರಿಗಳು, ಹತ್ತಕ್ಕೆ ಬಸ್ಸುಗಳು. ಬಿಯರು, ಮಾಲ್ಟು, ಕಿತ್ತಳೆ ಸೋಡಾ. ಮೊದಲ ದಿನ ಮೇಷ್ಟ್ರು ಪ್ರತಿ ಮುಚ್ಚಳ ಹಾರಿದಾಗಲೂ ಹೆಮ್ಮೆಯಿಂದ ಸುತ್ತ ನೋಡಿದರು. ಮೂರನೆಯ ದಿನ ನೋಡಲಿಲ್ಲ. ಎರಡನೆಯ ವಾರ ಮಣಿಕಟ್ಟು ಊದಿ ಬಾಳೆಗೊನೆಯಾಯಿತು. ನಿದ್ದೆಯಲ್ಲೂ ಕೈ ಎಳೆಯುತ್ತಿತ್ತು, ದಿಂಬಿನ ಮೂಲೆಗಳೆಲ್ಲ ಹರಿದವು.

ಐದನೆಯ ವಾರ ಸೆರ್ವಾ ನೋಡಲು ಬಂದಳು. ಗಿರಾಕಿಗಳ ಬೆಂಚಿನಲ್ಲಿ ಕಾಲು ಚಾಚಿ ಕೂತಳು.

"ಒಂದು ಮಾಲ್ಟ್ ಕೊಡಿ ಮೇಷ್ಟ್ರೇ."

ಮೇಷ್ಟ್ರು ಬಾಟಲಿಯನ್ನೂ ಕೀಲಿಯನ್ನೂ ಅವಳ ಮುಂದಿಟ್ಟರು. "ನಿನ್ನ ದಮ್ಮಯ್ಯ ಕಣೇ, ನೀನೇ ಬಿಚ್ಕೋ."

"ಅಯ್ಯೋ, ದುಡ್ಡು ಕೊಡೋ ಗಿರಾಕಿ ಕೈಲಿ ಬಿಚ್ಚಿಸ್ತೀರಾ?"

ಒಳಗಿನಿಂದ ಡೂಫಿಯ ದನಿ ಬಂತು. "ಮೇಷ್ಟ್ರೇ! ಹೆಂಡ್ತಿ ಅಂತ ಸಲಿಗೆ ಬೇಡ, ಬಿಚ್ಚಿ ಕೊಡಿ!"

ಮೇಷ್ಟ್ರು ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದು ಬಿಚ್ಚಿದರು. ಸೆರ್ವಾ ಒಂದು ಗುಟುಕು ಕುಡಿದು, ಮೆಚ್ಚಿಗೆಯಿಂದ ತಲೆದೂಗಿದಳು.

"ಎಷ್ಟು ಚೆನ್ನಾಗಿ ಬಿಚ್ತೀರ್ರೀ ಈಗ! ಪೊಕುವಾ ಎಲ್ಲರ ಹತ್ರಾನೂ ಹೇಳ್ಕೊಂಡು ಓಡಾಡ್ತಿದಾಳೆ, ನಮ್ಮಪ್ಪನ ಹಾಗೆ ಬಿಚ್ಚೋರು ಇಲ್ಲ ಅಂತ. ಅಣ್ಣನೂ ಸೋತೆ ಅಂತ ಒಪ್ಕೊಂಡ. ಮದುವೆ ದಿನ ಬಾಟಲಿ ಮುಟ್ಟೋ ಹಕ್ಕು ನಿಮಗೊಬ್ರಿಗೇ ಅಂತೆ, ಬೇರೆ ಯಾರೂ ಕೈ ಹಾಕೋ ಹಾಗಿಲ್ವಂತೆ."

ಮೇಷ್ಟ್ರು ಬೆಂಚಿನ ತುದಿ ಹಿಡಿದುಕೊಂಡರು. "ಎಷ್ಟು ಜನ ಬರ್ತಾರೆ?"

"ಮುನ್ನೂರು," ಎಂದಳು ಸೆರ್ವಾ, ಬಾಯಿ ಒರೆಸಿಕೊಳ್ಳುತ್ತ. "ಒಬ್ಬೊಬ್ಬರಿಗೆ ಎರಡೆರಡು."